ಫೋರ್ಟಿನಲ್ಲಿ ಕೋಟೆಯನ್ನು ಹುಡುಕಿದ್ದು



ಹೋದ ವರ್ಷ ಎಂಟನೆಯ ತರಗತಿಗೆ ಚಿತ್ರದುರ್ಗದ ಕೋಟೆಯ ಪಾಠ ಹೇಳುತ್ತಿದ್ದೆ. ಏಳು ಸುತ್ತಿನ ಗೋಡೆ, ಬತೇರಿ, ಕಂದಕ, ದಿಡ್ಡಿ ಬಾಗಿಲು ಇವುಗಳನ್ನೆಲ್ಲ ಹಲಗೆಯ ಮೇಲೆ ಬರೆದು ವಿವರಿಸಿದ ಬಳಿಕ, ಸಂದೇಹಗಳಿದ್ದರೆ ಕೇಳಿರೆಂದು ವಾಡಿಕೆಯಂತೆ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಸರ್, ನಮ್ಮ ಫೋರ್ಟಿನಲ್ಲಿ ಕೋಟೆ ಎಲ್ಲಿದೆ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ಆದರೆ ನನ್ನ ನಗುವಿನ ಹಿಂದೆ ಉತ್ತರವಿರಲಿಲ್ಲ. "ನಾಳೆ ಹೇಳುತ್ತೇನೆ, ಕುಳಿತುಕೋ" ಎಂದೆ. ಆ ನಾಳೆ ಬರುವುದಕ್ಕೆ ಮೂರು ತಿಂಗಳು ಹಿಡಿಯಿತು. ಅದರ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನಾನು ವಿಜಯಪುರ ಜಿಲ್ಲೆಯ ಹಳ್ಳಿಯವನು. ಕನ್ನಡ ಶಾಲೆಯಲ್ಲಿಯೇ ಮೆಟ್ರಿಕ್‌ವರೆಗೆ ಓದಿ, ಶಿಕ್ಷಕ ತರಬೇತಿ ಮುಗಿಸಿ, ಈ ಮಹಾನಗರಕ್ಕೆ ಬಂದು ಹನ್ನೊಂದು ವರ್ಷಗಳಾದವು. ಈ ಹನ್ನೊಂದು ವರ್ಷಗಳಲ್ಲಿ ನಾನು ಕಂಡ ಮುಂಬಯಿ ಎಷ್ಟು? ಖೋಲಿಯಿಂದ ಶಾಲೆ, ಶಾಲೆಯಿಂದ ಖೋಲಿ, ನಡುವೆ ಲೋಕಲ್ ಗಾಡಿ. ಗಾಡಿಯ ಕಿಟಕಿಯಿಂದ ಕಾಣುವುದು ಊರಿನ ಮುಖವಲ್ಲ, ಊರಿನ ಬೆನ್ನು. ಒಣಹಾಕಿದ ಬಟ್ಟೆ, ಕೊಳವೆಗಳು, ಹಿತ್ತಿಲ ಗೋಡೆಗಳು ಇಷ್ಟೇ. ನೀವಾದರೂ ಇಲ್ಲಿಯೇ ಹುಟ್ಟಿದವರು, ನಿಮಗೆ ಹೆಚ್ಚು ಗೊತ್ತಿರಬಹುದೆಂದು ಭಾವಿಸಿ, "ಮುಂಬಯಿಯ ಹತ್ತು ಸ್ಥಳಗಳ ಹೆಸರು ಬರೆಯಿರಿ" ಎಂದು ಒಮ್ಮೆ ಬರೆಯಿಸಿದೆ. ಹೆಚ್ಚಿನವರು ಬರೆದದ್ದು ಹತ್ತು ಸ್ಟೇಶನ್ನುಗಳ ಹೆಸರು, ಅದೂ ಗಾಡಿ ನಿಲ್ಲುವ ಅನುಕ್ರಮದಲ್ಲಿಯೇ! "ನಿಮ್ಮ ಊರು ಯಾವುದು?" ಎಂಬ ಪ್ರಶ್ನೆಗೆ ಮಾತ್ರ ಎಲ್ಲರೂ ಎರಡು ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಹೋಗಿಬರುವ ಹಳ್ಳಿಯ ಹೆಸರನ್ನು ಬರೆದಿದ್ದರು. ಇರುವ ಊರು ನಮ್ಮದಲ್ಲ, ನಮ್ಮದೆನ್ನುವ ಊರಿನಲ್ಲಿ ನಾವಿಲ್ಲ. ಆ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ ನನಗೆ ನನ್ನದೇ ಉತ್ತರವನ್ನು ಓದಿದಂತಾಯಿತು.

ಹುಡುಗನ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಹೋದದ್ದು ಫೋರ್ಟಿನ ಬೋರಾ ಬಜಾರಿನಲ್ಲಿ ವಾಸವಾಗಿರುವ ನನ್ನ ಹಿರಿಯ ಮಿತ್ರರ ಬಳಿಗೆ. ಅವರು ಉಡುಪಿಯ ಕಡೆಯವರು. ೧೯೮೨ರಲ್ಲಿ, ಅವರ ಮಾತಿನಲ್ಲಿ ಹೇಳುವುದಾದರೆ "ಗಿರಣಿ ಮುಷ್ಕರದ ವರ್ಷ", ಹನ್ನೆರಡರ ಬಾಲಕನಾಗಿ ಬಸ್ಸು ಹತ್ತಿ ಬಂದು, ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತವರು. ಈಗ ಕಚೇರಿಯೊಂದರ ಕ್ಯಾಂಟೀನನ್ನು ನೋಡಿಕೊಳ್ಳುತ್ತಾರೆ. ಕನ್ನಡ ಕಾರ್ಯಕ್ರಮವೊಂದರಲ್ಲಿ ಪರಿಚಯವಾದ ನಾವು ಊಟ ತಿಂಡಿಗಳ ಮಾತಿನಿಂದ ಸ್ನೇಹಿತರಾದೆವು. ನನ್ನ ಪ್ರಶ್ನೆಯನ್ನು ಕೇಳಿ ಅವರು, "ಕೋಟೆಯೋ? ಹಳೆಯ ಮರಾಠಿ ಜನ ಈ ಜಾಗಕ್ಕೆ ಕೋಟ್ ಎಂದೇ ಹೇಳುತ್ತಿದ್ದರು ಮಾಷ್ಟ್ರೇ. ಆದರೆ ಕೋಟೆಯನ್ನು ನೋಡಲಿಕ್ಕೆ ಕಾಲು ಬೇಕು. ಆದಿತ್ಯವಾರ ಬೆಳಿಗ್ಗೆ ಆರೂವರೆಗೆ ಬನ್ನಿ. ಪುಸ್ತಕ ನೀವು ಓದಿಕೊಂಡು ಬನ್ನಿ, ದಾರಿ ನಾನು ತೋರಿಸುತ್ತೇನೆ" ಎಂದರು.

ನಾನು ಓದಿಕೊಂಡೇ ಹೋದೆ. ಪುಸ್ತಕಗಳಿಂದ ತಿಳಿದ ಸಂಗತಿಯನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮುಂಬಯಿ ಹಿಂದೆ ಏಳು ದ್ವೀಪಗಳಾಗಿತ್ತು. ೧೬೬೧ರ ವಿವಾಹ ಒಪ್ಪಂದದಂತೆ ಪೋರ್ತುಗೀಸರು ಇದನ್ನು ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಕೊಟ್ಟರು. ದೊರೆಯು ೧೬೬೮ರಲ್ಲಿ ವರ್ಷಕ್ಕೆ ೧೦ ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದನು. ೧೮ನೆಯ ಶತಮಾನದ ಆರಂಭದಲ್ಲಿ, ಗವರ್ನರ್ ಚಾರ್ಲ್ಸ್ ಬೂನನ ಕಾಲಕ್ಕೆ, ಊರಿನ ಸುತ್ತ ಕಲ್ಲಿನ ಗೋಡೆ ಎದ್ದಿತು. ಅದಕ್ಕೆ ಮೂರು ಬಾಗಿಲುಗಳು: ಉತ್ತರಕ್ಕೆ ಬಜಾರ್ ಗೇಟ್, ಪಶ್ಚಿಮಕ್ಕೆ ಚರ್ಚ್ ಗೇಟ್, ದಕ್ಷಿಣಕ್ಕೆ ಅಪೊಲೊ ಗೇಟ್. ಪೂರ್ವಕ್ಕೆ ಸಮುದ್ರವಿತ್ತು. ಉದ್ದ ಸುಮಾರು ಒಂದು ಮೈಲಿ, ಅಗಲ ಕಾಲು ಮೈಲಿ. ಒಂದೂವರೆ ಶತಮಾನದ ತರುವಾಯ, ೧೮೬೦ರ ದಶಕದಲ್ಲಿ, ಗವರ್ನರ್ ಬಾರ್ಟಲ್ ಫ್ರಿಯರನು ಆ ಗೋಡೆಯನ್ನು ಕೆಡವಿಸಿದನು. ಊರು ಗೋಡೆಯನ್ನು ಮೀರಿ ಬೆಳೆದಿತ್ತು. ಶತ್ರುಗಳಿಗಾಗಿ ಕಟ್ಟಿದ್ದು ಗಾಡಿ ಸಂಚಾರಕ್ಕೆ ಅಡ್ಡಿಯಾಗಿತ್ತು.

ಇಷ್ಟನ್ನು ಪರೀಕ್ಷೆಯಲ್ಲಿ ಬರೆದರೆ ಐದಕ್ಕೆ ಐದು ಅಂಕ ದೊರೆಯಬಹುದು. ಆದರೆ ಹುಡುಗನು ಕೇಳಿದ್ದು "ಯಾವಾಗ" ಎಂದಲ್ಲ, "ಎಲ್ಲಿ" ಎಂದು.

ಆದಿತ್ಯವಾರ ಬೆಳಿಗ್ಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಹೊರಗೆ ಮಿತ್ರರು ಕಾಯುತ್ತಿದ್ದರು. ಆ ಕಟ್ಟಡದ ಪ್ರವೇಶದ್ವಾರದ ಎರಡು ಕಂಬಗಳ ಮೇಲೆ ಎರಡು ಮೃಗಗಳು ಕುಳಿತಿವೆ. ಒಂದು ಸಿಂಹ, ಬ್ರಿಟನ್ನಿನ ಸಂಕೇತ. ಇನ್ನೊಂದು ಹುಲಿ, ಭಾರತದ ಸಂಕೇತ. ಹನ್ನೊಂದು ವರ್ಷ ನಾನು ಅದರೆದುರು ಓಡಾಡಿದ್ದೆ, ಎರಡೂ ಸಿಂಹವೆಂದೇ ತಿಳಿದಿದ್ದೆ. ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಶಿಲ್ಪಿ ರೂಪಿಸಿದ ಈ ನಿಲ್ದಾಣದ ಕೆಲಸ ೧೮೭೮ರಲ್ಲಿ ಆರಂಭವಾಯಿತು. ೨೦೦೪ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಇದಕ್ಕೂ ಮೊದಲು ಇಲ್ಲಿಯ ಸ್ಟೇಶನ್ನಿನ ಹೆಸರು ಬೋರಿ ಬಂದರ್. ೧೮೫೩ರ ಏಪ್ರಿಲ್ ೧೬ರಂದು ೧೪ ಡಬ್ಬಿಗಳ ಗಾಡಿ ಸುಮಾರು ೪೦೦ ಮಂದಿಯನ್ನು ಹೊತ್ತು ಠಾಣೆಗೆ ಹೊರಟದ್ದು ಅಲ್ಲಿಂದಲೇ. "ಬಂದರ್ ಎಂದರೆ ಏನು?" ಎಂದರು ಮಿತ್ರರು. ನನಗೆ ಆಗ ಹೊಳೆಯಿತು. ನಾವು ನಿಂತಿದ್ದ ಡಾಂಬರಿನ ಪಕ್ಕದಲ್ಲಿಯೇ ಒಂದು ಕಾಲಕ್ಕೆ ಸಮುದ್ರವಿತ್ತು. ಊರು ಹೆಸರನ್ನು ಉಳಿಸಿಕೊಂಡಿದೆ, ನೀರನ್ನು ದೂರ ತಳ್ಳಿದೆ. ಅಂದಿನ ಇಡೀ ನಡಿಗೆಯಲ್ಲಿ ನಮಗೆ ಕೀಲಿಕೈಯಾದದ್ದು ಇದೇ.

ಅಲ್ಲಿಂದ ಕೆಲವೇ ಹೆಜ್ಜೆಗಳ ಅಂತರದಲ್ಲಿ ಪ್ರಧಾನ ಅಂಚೆ ಕಚೇರಿ. ಮಿತ್ರರು ದಾರಿ ದಾಟುವ ಅವಸರದಲ್ಲಿದ್ದರು. ನಾನು ತಲೆಯೆತ್ತಿ ನೋಡಿದವನು ಅಲ್ಲಿಯೇ ನಿಂತುಬಿಟ್ಟೆ.

"ಅಣ್ಣಾ, ಇದು ನಮ್ಮೂರಿನ ಗುಮ್ಮಟ!"

ಹೌದು ಮಕ್ಕಳೇ. ಜಾನ್ ಬೆಗ್ ಎಂಬ ಶಿಲ್ಪಿಯ ಯೋಜನೆಯಂತೆ ೧೯೧೩ರಲ್ಲಿ ಪೂರ್ಣಗೊಂಡ ಆ ಕಟ್ಟಡದ ನಡುಗುಮ್ಮಟಕ್ಕೆ ವಿಜಯಪುರದ ಗೋಳಗುಮ್ಮಟವೇ ಮಾದರಿ. ೧೬೫೬ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಸಮಾಧಿಯ ಮೇಲೆ ೪೪ ಮೀಟರ್ ಹೊರವ್ಯಾಸದ ಆ ಗುಮ್ಮಟ ನಿಂತಿದೆ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಮ್ಮ ಗುರುಗಳು ಎತ್ತಿನ ಗಾಡಿಯಲ್ಲಿ ನಮ್ಮನ್ನು ಅಲ್ಲಿಗೆ ಕರೆದೊಯ್ದು, ಪಿಸುಗುಟ್ಟುವ ಮೊಗಸಾಲೆಯಲ್ಲಿ ನಮ್ಮ ನಮ್ಮ ಹೆಸರನ್ನು ಕೂಗಿಸಿ, ಅದು ಮರಳಿ ಮರಳಿ ಬರುವುದನ್ನು ಕೇಳಿಸಿದ್ದರು. ಅದರ ರೂಪ ಮುಂಬಯಿಯ ನಡುವೆ ನನ್ನ ಹಾದಿಯಲ್ಲಿಯೇ ಇದ್ದರೂ ನಾನು ಕತ್ತೆತ್ತಿ ನೋಡಿರಲಿಲ್ಲ.

ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರ ಕೆಳಗೆ ನಿಂತು ಇಪ್ಪತ್ತು ವರ್ಷ ಅಮ್ಮನಿಗೆ ಮನಿಯಾರ್ಡರು ಕಳುಹಿಸಿದ್ದೇನೆ ಮಾಷ್ಟ್ರೇ. ಮೊದಲ ಸಲ ಮೂವತ್ತು ರೂಪಾಯಿ. ಫಾರಮು ತುಂಬಿಸಲಿಕ್ಕೆ ಬರುತ್ತಿರಲಿಲ್ಲ, ಹೊರಗೆ ಕೂತವರಿಗೆ ಕಾಸು ಕೊಟ್ಟು ಬರೆಸುತ್ತಿದ್ದೆ. ಇದು ಕನ್ನಡ ನಾಡಿನ ಗುಮ್ಮಟ ಎಂದು ಯಾರೂ ಹೇಳಲಿಲ್ಲ" ಎಂದರು. ಬಳಿಕ ತಾವೇ ನಕ್ಕು, "ಒಳಗೆ ಕೂಗಿದರೆ ಏಳು ಸಲ ಕೇಳುತ್ತದೆಯೋ?" ಎಂದು ಕೇಳಿದರು. ಕೌಂಟರಿನವರ ಬೈಗುಳ ಖಂಡಿತವಾಗಿ ಏಳು ಸಲ ಕೇಳಬಹುದೆಂದು ನಾನು ಹೇಳಿದೆ.

ಅಂಚೆ ಕಚೇರಿಯ ಎದುರಿನಿಂದ ದಕ್ಷಿಣಕ್ಕೆ ಹೋಗುವ ಬೀದಿಗೆ ಈಗ ಪೆರಿನ್ ನರಿಮನ್ ಬೀದಿ ಎಂದು ಹೆಸರು. ಹಳೆಯ ಹೆಸರು ಬಜಾರ್ ಗೇಟ್ ಬೀದಿ. ಬಾಗಿಲು ಹೋಗಿ ನೂರೈವತ್ತು ವರ್ಷಗಳ ಮೇಲಾಯಿತು, ಆದರೂ ಇಲ್ಲಿಯವರ ಬಾಯಲ್ಲಿ ಬಜಾರ್ ಗೇಟ್ ಇನ್ನೂ ನಿಂತಿದೆ. ಈ ಬೀದಿಯನ್ನು ಹೊಕ್ಕೊಡನೆ ನೆಲವೇ ಬದಲಾದಂತೆ ತೋರುತ್ತದೆ. ಹೊರಗಿನ ವಿಶಾಲವಾದ ರಸ್ತೆ ಮಾಯವಾಗಿ, ಇಕ್ಕಟ್ಟಾದ ಗಲ್ಲಿಗಳು, ಮರದ ಬಾಲ್ಕನಿಗಳು, ಒಂದಕ್ಕೊಂದು ಒರಗಿದ ಮನೆಗಳು ಕಾಣುತ್ತವೆ. ಕೋಟೆಯೊಳಗಿನ ಊರು ಹೀಗೆಯೇ ಇರುತ್ತದೆ. ಗೋಡೆಯನ್ನು ಹಿಗ್ಗಿಸುವಂತಿಲ್ಲ, ಆದುದರಿಂದ ಮನೆ ಮನೆಯನ್ನು ಒತ್ತುತ್ತದೆ. ಕೋಟೆಯ ಉತ್ತರ ಭಾಗದಲ್ಲಿ ಪಾರಸಿಗಳೇ ಮೊದಲಾದ ದೇಶೀಯ ವರ್ತಕರೂ, ದಕ್ಷಿಣ ಭಾಗದಲ್ಲಿ ಇಂಗ್ಲಿಷರೂ ವಾಸಿಸುತ್ತಿದ್ದರು. ೧೮೦೩ರಲ್ಲಿ ಇಲ್ಲಿ ದೊಡ್ಡ ಬೆಂಕಿ ಎದ್ದು ಬಹಳ ಮನೆಗಳು ಸುಟ್ಟುಹೋದವು. ಆ ತರುವಾಯ ಎಷ್ಟೋ ಜನರು ಗೋಡೆಯ ಹೊರಗೆ ಮನೆ ಕಟ್ಟತೊಡಗಿದರು. ನಗರವು ಉತ್ತರಕ್ಕೆ ಹರಡುವುದಕ್ಕೆ ಆ ಬೆಂಕಿಯೂ ಒಂದು ಕಾರಣ.

ಪಕ್ಕದ ಗಲ್ಲಿಯಲ್ಲಿ ಮಿತ್ರರು ಒಂದು ಕಟ್ಟಡದ ಮೂರನೆಯ ಮಾಳಿಗೆಯ ಕಿಟಕಿಯನ್ನು ತೋರಿಸಿದರು. ಅವರ ರಾತ್ರಿ ಶಾಲೆ ಒಂದು ಕಾಲಕ್ಕೆ ಅಲ್ಲಿ ನಡೆಯುತ್ತಿತ್ತು. ಈ ವಿಷಯವನ್ನು ನೀವು ಗಮನವಿಟ್ಟು ಓದಬೇಕೆಂದು ನನ್ನ ಬಯಕೆ. ನಿಮ್ಮಲ್ಲಿ ಹಲವರ ಅಜ್ಜಂದಿರು ಇಂಥ ಶಾಲೆಗಳಲ್ಲಿಯೇ ಓದಿದವರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಏಳಕ್ಕೆ ಕೈಕಾಲು ತೊಳೆದು, ಪಾಟಿ ಪುಸ್ತಕ ಹಿಡಿದು ಮಾಳಿಗೆ ಹತ್ತುವ ಹುಡುಗರು ಫೋರ್ಟಿನಲ್ಲಿ ಬಹಳ ಮಂದಿ ಇದ್ದರು. ಅವರಿಗೆ ಕನ್ನಡದಲ್ಲಿ ಪಾಠ ಹೇಳುವ ರಾತ್ರಿ ಶಾಲೆಗಳು ಈ ಗಲ್ಲಿಗಳಲ್ಲಿ ಇದ್ದವು. ಮಿತ್ರರು ಮೊದಲು ಕೆಲಸಕ್ಕಿದ್ದ ಹೋಟೆಲಿನಲ್ಲಿ ಎರಡು ವರ್ಷ ಸಂಬಳದ ಮುಖ ಕಾಣಲಿಲ್ಲ. ಊಟ ಮತ್ತು ಮೇಜಿನ ಕೆಳಗೆ ಮಲಗಲು ಜಾಗ, ಇಷ್ಟೇ. ಅವರು ಜಗಳವಾಡಿ ಪಡೆದದ್ದು ಸಂಬಳವನ್ನಲ್ಲ, ಸಂಜೆ ಎರಡು ಗಂಟೆಯ ಬಿಡುವನ್ನು. ಇಪ್ಪತ್ತೊಂದನೆಯ ವಯಸ್ಸಿಗೆ, ೧೯೯೧ರಲ್ಲಿ, ಅವರು ಮೆಟ್ರಿಕ್ ಮುಗಿಸಿದರು.

"ನಮ್ಮ ಕ್ಲಾಸಿನಲ್ಲಿ ಅರವತ್ತು ಮಂದಿ. ಅರ್ಧ ಜನ ನಿದ್ದೆ ಮಾಡುತ್ತಿದ್ದರು. ಮಾಷ್ಟ್ರು ಎಬ್ಬಿಸುತ್ತಿರಲಿಲ್ಲ, ಅವರೂ ಹಗಲು ಬೇರೆ ಕಡೆ ಕೆಲಸ ಮಾಡಿ ಬಂದವರೇ," ಎಂದರು. ಆ ಕಿಟಕಿಗೆ ಈಗ ಯಾವುದೋ ವ್ಯಾಪಾರ ಸಂಸ್ಥೆಯ ಫಲಕವಿದೆ. ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ಈಗ ಹದಿನೇಳು ಮಕ್ಕಳಿದ್ದೀರಿ. ನಾನು ಆ ಸಂಖ್ಯೆಯನ್ನು ಅವರಿಗೆ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಬೀದಿಯ ಕೊನೆಯಲ್ಲಿ ಒಮ್ಮೆಲೇ ಬಯಲು ತೆರೆಯಿತು. ದುಂಡನೆಯ ತೋಟ, ಸುತ್ತಲೂ ಕಮಾನಿನ ಕಟ್ಟಡಗಳು. ಇದು ಹಾರ್ನಿಮನ್ ವೃತ್ತ. ೧೯೧೯ರಲ್ಲಿ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ಸುದ್ದಿಯನ್ನು ಪ್ರಕಟಿಸಿ, ಸರಕಾರವನ್ನು ಟೀಕಿಸಿದ ಕಾರಣಕ್ಕೆ ಗಡೀಪಾರಾದ 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕ ಬಿ. ಜಿ. ಹಾರ್ನಿಮನ್ನರ ನೆನಪಿಗೆ ಸ್ವಾತಂತ್ರ್ಯಾನಂತರ ಈ ಹೆಸರು ಬಂದಿತು. ಅವರು ಇಂಗ್ಲಿಷ್ ಜಾತಿಯವರೆಂಬುದನ್ನು ಮರೆಯಬೇಡಿರಿ. ಪೂರ್ವ ದಿಕ್ಕಿಗೆ ೧೮೩೩ರಲ್ಲಿ ಪೂರ್ಣಗೊಂಡ ಟೌನ್ ಹಾಲ್, ಏಷ್ಯಾಟಿಕ್ ಸೊಸೈಟಿಯ ಪುಸ್ತಕ ಭಂಡಾರದ ಮನೆ. "ಮೂವತ್ತು ಮೆಟ್ಟಿಲು," ಎಂದರು ಮಿತ್ರರು. ಎಣಿಸಿ ನೋಡಿದೆ, ಮೂವತ್ತೇ. ಹನ್ನೆರಡು ಲೋಟಗಳ ಚಹಾದ ಸ್ಟ್ಯಾಂಡು ಹಿಡಿದು ಹತ್ತಿದವನಿಗೆ ಮೆಟ್ಟಿಲಿನ ಲೆಕ್ಕ ತಪ್ಪುವುದಿಲ್ಲ.

ಈ ವೃತ್ತವು ಹಿಂದೆ ಬರಿಯ ಬಯಲು. ಇದನ್ನು ಬಾಂಬೆ ಗ್ರೀನ್ ಎಂದು ಕರೆಯುತ್ತಿದ್ದರು. ಹಡಗಿಗೆ ಹೋಗುವ ಹತ್ತಿಯ ಅಂಡಿಗೆಗಳನ್ನು ಇಲ್ಲಿ ರಾಶಿ ಹಾಕುತ್ತಿದ್ದರು. ೧೮೪೪ರಲ್ಲಿ ಹತ್ತಿಯ ಪೇಟೆ ಕೊಲಾಬಕ್ಕೆ ಹೋಯಿತು. ೧೮೫೦ರ ದಶಕದಲ್ಲಿ ಟೌನ್ ಹಾಲಿನ ಎದುರಿಗೆ ಆಲದ ಮರದ ಕೆಳಗೆ ಕೂಡಿ ಶೇರುಗಳ ವ್ಯಾಪಾರ ಮಾಡುತ್ತಿದ್ದ ದಲಾಲರೇ ಮುಂದೆ ೧೮೭೫ರಲ್ಲಿ ಶೇರು ಮಾರುಕಟ್ಟೆಯ ಸಂಘವನ್ನು ಕಟ್ಟಿದರು.

ಈ ಹತ್ತಿಯ ಮಾತಿನಲ್ಲಿ ನಮಗೊಂದು ಸಂಬಂಧವಿದೆ. ೧೮೬೧ರಿಂದ ೧೮೬೫ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲಪಲಿಲ್ಲ. ಗಿರಣಿಗಳವರು ಭಾರತದ ಹತ್ತಿಗೆ ಮುಗಿಬಿದ್ದರು. ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಕ್ಕೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಬರುತ್ತಿತ್ತು. ಮುಂಬಯಿ ಪೇಟೆಯಲ್ಲಿ ಒಂದು ತಳಿಯ ಹತ್ತಿಗೆ 'ಕುಮಟಾ' ಎಂದೇ ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲವೆಂಬುದು ನಿಮಗೆ ಭೂಗೋಳದ ಪಾಠದಿಂದ ಗೊತ್ತಿದೆ. ಅದು ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಊರಿನ ಹೆಸರು. ಮುಂಬಯಿಗೆ ಆ ನಾಲ್ಕು ವರ್ಷಗಳಲ್ಲಿ ಹರಿದುಬಂದ ಹಣದಲ್ಲಿ ಎರೆಭೂಮಿಯ ರೈತನ ಬೆವರಿನದೂ ಒಂದು ಪಾಲು ಇತ್ತು. ಗೋಡೆ ಕೆಡವಿ ಹೊಸ ನಗರವನ್ನು ಕಟ್ಟುವ ಉತ್ಸಾಹ ಹುಟ್ಟಿದ್ದೂ ಅದೇ ಹಣದ ಭರಾಟೆಯಲ್ಲಿ.

ವೃತ್ತದ ಪಶ್ಚಿಮಕ್ಕೆ ಸೇಂಟ್ ಥಾಮಸ್ ಚರ್ಚು. ೧೭೧೮ರ ಕ್ರಿಸ್ಮಸ್ ದಿನ ಪೂಜೆಗೆ ತೆರೆದ ಇದರಿಂದಲೇ ಚರ್ಚ್ ಗೇಟಿಗೆ ಆ ಹೆಸರು. ಹಿಂದೆ ಊರಿನ ದೂರಗಳನ್ನೆಲ್ಲ ಈ ಚರ್ಚಿನಿಂದ ಅಳೆಯುತ್ತಿದ್ದರು. ರೋಮನ್ ಅಂಕೆ ಕೊರೆದ ಕಪ್ಪು ಮೈಲಿಗಲ್ಲುಗಳು ನಗರದ ರಸ್ತೆಗಳ ಬದಿಯಲ್ಲಿ ಇನ್ನೂ ಕೆಲವಿವೆ. ಫುಟ್‌ಪಾತು ಎತ್ತರವಾದಂತೆ ಹಲವು ಕಲ್ಲುಗಳು ಕುತ್ತಿಗೆಯವರೆಗೆ ಹೂತುಹೋಗಿದ್ದವು. ದಾದರ್ ಪರೇಳ್ ಕಡೆಯಿಂದ ಬರುವ ವಿದ್ಯಾರ್ಥಿಗಳು ಕಣ್ಣಿಟ್ಟು ಹುಡುಕಿರಿ.

ಚರ್ಚಿನ ಎದುರಿನ ವೀರ ನರಿಮನ್ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ನಡೆದರೆ ಸ್ವಲ್ಪ ಹೊತ್ತಿನಲ್ಲಿ ಫ್ಲೋರಾ ಫೌಂಟನ್. ೧೮೬೪ರ ಈ ಕಾರಂಜಿ ಇಂಗ್ಲೆಂಡಿನಿಂದ ತರಿಸಿದ ಪೋರ್ಟ್‌ಲ್ಯಾಂಡ್ ಕಲ್ಲಿನದು. ಚರ್ಚ್ ಗೇಟ್ ಎಂಬ ಬಾಗಿಲು ಇದ್ದದ್ದು ಇಲ್ಲಿಯೇ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಚರ್ಚ್‌ಗೇಟ್ ಸ್ಟೇಶನ್. ಚರ್ಚು ಒಂದು ಕಡೆ, ಗೇಟು ಇದ್ದದ್ದು ಇನ್ನೊಂದು ಕಡೆ, ಸ್ಟೇಶನ್ನು ಮತ್ತೊಂದು ಕಡೆ, ಮೂರೂ ಒಂದೇ ಸಾಲಿನಲ್ಲಿ. ಪ್ರತಿದಿನ ಲಕ್ಷಾಂತರ ಜನರು ಇಲ್ಲದ ಬಾಗಿಲಿನ ಹೆಸರಿನಲ್ಲಿ ಟಿಕೇಟು ಕೊಳ್ಳುತ್ತಾರೆ!

ಕಾರಂಜಿಯ ಪಕ್ಕದಲ್ಲಿಯೇ ಹುತಾತ್ಮ ಸ್ಮಾರಕ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ತೆತ್ತ ನೂರಕ್ಕೂ ಹೆಚ್ಚು ಜನರ ನೆನಪಿಗೆ ೧೯೬೧ರಲ್ಲಿ ಇದನ್ನು ನಿಲ್ಲಿಸಿದರು. ಇಲ್ಲಿ ನಾವು ಚಪ್ಪಲಿ ಕಳಚಿ ಒಂದು ಗಳಿಗೆ ನಿಂತೆವು. ೧೯೫೬ರ ನವೆಂಬರ್ ೧ರವರೆಗೆ ನನ್ನ ಜಿಲ್ಲೆಯೂ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ರಾಜ್ಯದಲ್ಲಿಯೇ ಇದ್ದವು. ಆ ದಿನ ನಾವು ಮೈಸೂರು ರಾಜ್ಯವನ್ನು ಸೇರಿದೆವು. ಮರಾಠಿಗರು ತಮ್ಮ ಭಾಷೆಯ ರಾಜ್ಯಕ್ಕಾಗಿ ೧೯೬೦ರ ಮೇ ೧ರವರೆಗೆ ಕಾಯಬೇಕಾಯಿತು. ತಾಯ್ನುಡಿಯಲ್ಲಿ ಆಡಳಿತ ನಡೆಯಬೇಕೆಂಬ ಅವರ ಹಂಬಲ ಕನ್ನಡ ಶಾಲೆಯ ನಮಗೆ ಅರ್ಥವಾಗದೆ ಇರಲಾರದು.

ಮುಂದೆ ಓವಲ್ ಮೈದಾನ. ಗಂಟೆ ಎಂಟೂವರೆ ಆಗಿತ್ತು. ಮೈದಾನದ ತುಂಬ ಕ್ರಿಕೆಟ್. ಒಂದು ತಂಡದ ಚೆಂಡು ಇನ್ನೊಂದು ತಂಡದ ವಿಕೆಟ್ಟಿಗೆ ಬೀಳುತ್ತಿತ್ತು. ಇಷ್ಟು ಬೆಲೆ ಬಾಳುವ ನೆಲ ಖಾಲಿಯಾಗಿ ಏಕೆ ಉಳಿಯಿತು? ತೋಪುಗಳಿಗಾಗಿ. ಕೋಟೆಯ ಗೋಡೆಯ ಹೊರಗೆ ತೋಪಿನ ಗುರಿಗೆ ಅಡ್ಡಬರುವ ಮರ, ಮನೆ ಯಾವುದೂ ಇರಬಾರದೆಂದು ವಿಶಾಲವಾದ ಬಯಲನ್ನು ಖಾಲಿ ಬಿಡಿಸಿದ್ದರು. ಗೋಡೆ ಬಿದ್ದ ಬಳಿಕ ಆ ಬಯಲೇ ತುಂಡು ತುಂಡಾಗಿ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಕೂಪರೇಜ್ ಎಂದು ಉಳಿದಿದೆ. ನಕಾಶೆ ತೆಗೆದು ನೋಡಿರಿ, ನಾಲ್ಕೂ ಒಂದೇ ಪಟ್ಟಿಯ ತುಣುಕುಗಳು. ಕೋಟೆ ಎಲ್ಲಿತ್ತೆಂದು ತಿಳಿಯಬೇಕಾದರೆ ಗೋಡೆಯನ್ನು ಹುಡುಕುವುದಕ್ಕಿಂತ ಈ ಖಾಲಿ ಜಾಗವನ್ನು ನೋಡುವುದೇ ಸುಲಭ. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ನನಗೆ ಇಲ್ಲಿ ದೊರೆಯಿತು.

ಮೈದಾನದ ಪೂರ್ವಕ್ಕೆ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ, ೨೮೦ ಅಡಿ ಎತ್ತರ. ಹತ್ತಿಯ ವ್ಯಾಪಾರದಲ್ಲಿ ಧನಿಕನಾದ ಪ್ರೇಮಚಂದ್ ರಾಯಚಂದನು ತನ್ನ ತಾಯಿಯ ಹೆಸರಿನಲ್ಲಿ ಕಟ್ಟಲು ಹಣ ಕೊಟ್ಟನು. ಯುದ್ಧ ಮುಗಿದು ೧೮೬೫ರಲ್ಲಿ ಪೇಟೆ ಕುಸಿದಾಗ ಅವನೂ ಕುಸಿದನು. ಆದರೆ ಗೋಪುರ ೧೮೭೮ರಲ್ಲಿ ಮುಗಿಯಿತು. ಕಬ್ಬಿಣದ ಬೇಲಿಯ ಹೊರಗೆ ನಿಂತು ನಾನು ಬಹಳ ಹೊತ್ತು ಅದನ್ನು ನೋಡಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಅಜ್ಜನ ಮೆಟ್ರಿಕ್ ಪ್ರಮಾಣಪತ್ರ ಕಟ್ಟು ಹಾಕಿದ ಗಾಜಿನ ಹಿಂದೆ ಇದೆ. ೧೯೪೬ರದು. ಅದರ ಮೇಲೆ ಮುಂಬಯಿ ವಿಶ್ವವಿದ್ಯಾಲಯದ ಮುದ್ರೆ. ೧೮೫೭ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯವೇ ಆಗ ನಮ್ಮ ಕಡೆಯವರಿಗೂ ಮೆಟ್ರಿಕ್ ಪರೀಕ್ಷೆ ನಡೆಸುತ್ತಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು ೧೯೪೯ರಲ್ಲಿ. ಅಜ್ಜ ಮುಂಬಯಿಯನ್ನು ಒಮ್ಮೆಯೂ ಕಾಣಲಿಲ್ಲ. "ಆ ಕಾಗದ ಎಲ್ಲಿಂದ ಬಂತಜ್ಜಾ?" ಎಂದು ಚಿಕ್ಕಂದಿನಲ್ಲಿ ಕೇಳಿದರೆ, "ಸಮುದ್ರದ ದಂಡಿಯಿಂದ" ಎನ್ನುತ್ತಿದ್ದ. ನಾನು ಹನ್ನೊಂದು ವರ್ಷ ಪರಸ್ಥಳವೆಂದು ತಿಳಿದಿದ್ದ ಊರಿನಿಂದ ನಮ್ಮ ಮನೆಗೆ ಕಾಗದವೊಂದು ನಾನು ಹುಟ್ಟುವ ಮೊದಲೇ ಬಂದಿತ್ತು.

ಮಿತ್ರರು ನನ್ನ ಕಣ್ಣನ್ನು ನೋಡಿ ಏನೂ ಕೇಳದೆ ಎರಡು ಕಟಿಂಗ್ ಚಹಾ ತಂದರು.

ಉಳಿದ ದಾರಿಯನ್ನು ಬೇಗ ಹೇಳುತ್ತೇನೆ. ದಕ್ಷಿಣಕ್ಕೆ ನಡೆದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಎದುರು ಬಂದೆವು. ಅಲ್ಲಿ ಈ ಸಲ ಕೈಚಾಚಿ ತೋರಿಸಿದವರು ಮಿತ್ರರು. "ನೋಡಿ, ನಿಮ್ಮದು ಇನ್ನೊಂದು!" ಜಾರ್ಜ್ ವಿಟೆಟ್ ರೂಪಿಸಿದ ಆ ಕಟ್ಟಡದ ಗುಮ್ಮಟಕ್ಕೂ ವಿಜಯಪುರವೇ ಸ್ಫೂರ್ತಿ. ಕೋಟೆಯ ಉತ್ತರದ ಬಾಗಿಲಿನ ಬಳಿ ಒಂದು ಗುಮ್ಮಟ, ದಕ್ಷಿಣದ ಬಾಗಿಲಿನ ಬಳಿ ಇನ್ನೊಂದು. ಅಪೊಲೊ ಗೇಟ್ ಇದ್ದ ಎಡೆಯ ಸಮೀಪ ಈಗ ನೌಕಾದಳದ ಲಯನ್ ಗೇಟ್ ಇದೆ. ಅದರ ಒಳಗಿನ ಹಡಗುಕಟ್ಟೆಯಲ್ಲಿ ಸೂರತ್‌ನಿಂದ ಬಂದ ಲವ್‌ಜಿ ನಸರ್‌ವಾನ್‌ಜಿ ವಾಡಿಯಾನ ಮನೆತನದವರು ತಲೆತಲಾಂತರ ತೇಗದ ಹಡಗುಗಳನ್ನು ಕಟ್ಟಿದರು. ೧೮೧೭ರಲ್ಲಿ ಅವರು ನೀರಿಗಿಳಿಸಿದ 'ಟ್ರಿಂಕೊಮಲಿ' ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಒಳಗೋಟೆಯಾಗಿದ್ದ ಬಾಂಬೆ ಕ್ಯಾಸಲಿನ ಭಾಗಗಳೂ ಟೌನ್ ಹಾಲಿನ ಹಿಂದಿನ ನೌಕಾನೆಲೆಯಲ್ಲಿ ಉಳಿದಿವೆ, ಆದರೆ ನಮ್ಮಂಥವರಿಗೆ ಪ್ರವೇಶವಿಲ್ಲ. ಬಜಾರ್ ಗೇಟಿನಿಂದ ಇಲ್ಲಿಯವರೆಗೆ ನೇರವಾಗಿ ಅಳೆದರೆ ನನ್ನ ಹೆಜ್ಜೆಯಲ್ಲಿ ಎರಡು ಸಾವಿರಕ್ಕೆ ಸ್ವಲ್ಪ ಮಿಕ್ಕಿ. ಪುಸ್ತಕದ ಒಂದು ಮೈಲಿ ಸುಳ್ಳಲ್ಲ.

"ಹಾಗಾದರೆ ಅಣ್ಣಾ, ಗೋಡೆ ಒಂದು ಕಲ್ಲೂ ಉಳಿದಿಲ್ಲವೇ?" ಎಂದೆ. "ಬೆಳಿಗ್ಗೆಯೇ ತೋರಿಸಬಹುದಿತ್ತು. ಮೊದಲೇ ತೋರಿಸಿದರೆ ನೀವು ಇಷ್ಟು ನಡೆಯುತ್ತಿರಲಿಲ್ಲ" ಎಂದರು.

ಹಡಗುಕಟ್ಟೆಯ ಬದಿಯ ದಾರಿಯಲ್ಲಿ ಮರಳಿ ಬಂದು, ಅಂಚೆ ಕಚೇರಿಯನ್ನು ದಾಟಿ, ಪಿ. ಡಿಮೆಲ್ಲೊ ರಸ್ತೆಯಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಕಡೆಗೆ ನಡೆದೆವು. ನಾವು ಬೆಳಿಗ್ಗೆ ನಿಂತಿದ್ದ ನಿಲ್ದಾಣದ ಬೆನ್ನಿಗೇ ಅದು. ಅಲ್ಲಿ, ರಸ್ತೆಯ ಧೂಳಿನಲ್ಲಿ, ಬೇರುಗಳು ಹಬ್ಬಿದ ಕಪ್ಪು ಕಲ್ಲಿನ ದಪ್ಪ ಗೋಡೆ. ೧೭೬೯ರ ಸುಮಾರಿಗೆ ಕೋಟೆಗೆ ಸೇರಿಸಿದ ಫೋರ್ಟ್ ಜಾರ್ಜಿನ ಉಳಿದ ತುಂಡು. ಅದರ ಪಕ್ಕದಲ್ಲಿಯೇ ಜನರು ಬಸ್ಸಿಗಾಗಿ ಅವಸರದಿಂದ ಹೋಗುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ. ಮಿತ್ರರು ಗೋಡೆಗೆ ಅಂಗೈ ಊರಿ, "ಮಲೇರಿಯಾ ಬಂದು ಇಲ್ಲಿ ಎಂಟು ದಿನ ಮಲಗಿದ್ದೆ. ಕಿಟಕಿಯಿಂದ ಇದು ಕಾಣುತ್ತಿತ್ತು. ಊರಿನ ದೇವಸ್ಥಾನದ ಗೋಡೆಯಂತೆ ಇದೆ ಎಂದು ನೋಡುತ್ತಿದ್ದೆ. ಕೋಟೆ ಎಂದು ಆಮೇಲೆ ಗೊತ್ತಾಯಿತು" ಎಂದರು. ನಾನೂ ಕೈಯಿಟ್ಟೆ. ಹತ್ತು ಗಂಟೆಯ ಬಿಸಿಲಿನಲ್ಲಿಯೂ ನೆರಳಿನ ಬದಿಯ ಕಲ್ಲು ತಣ್ಣಗಿತ್ತು.

ಸೋಮವಾರ ತರಗತಿಯಲ್ಲಿ ಆ ಹುಡುಗನಿಗೆ ಉತ್ತರ ಹೇಳಿದೆ. ಹಲಗೆಯ ಮೇಲೆ ಚಿತ್ರದುರ್ಗದ ಬದಲು ಫೋರ್ಟಿನ ನಕಾಶೆ ಬರೆದೆ. ಅವನು ಕೇಳಿಸಿಕೊಂಡು, "ನೀವು ನೋಡಿ ಬಂದಿರಿ ಸರ್, ನಾವು?" ಎಂದನು.

ಆದುದರಿಂದ ಈ ಸಲದ ಪ್ರವಾಸವನ್ನು ಪ್ರತಿವರ್ಷದಂತೆ ನೀರಾಟದ ಉದ್ಯಾನಕ್ಕೆ ಇಟ್ಟುಕೊಳ್ಳದೆ ಫೋರ್ಟಿಗೆ ಇಟ್ಟುಕೊಳ್ಳಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. (ಕೆಲವರ ಮುಖ ಸಣ್ಣದಾಗುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.) ದಾರಿ ತೋರಿಸಲು ನನ್ನ ಮಿತ್ರರು ಬರುತ್ತಾರೆ. "ಪಾಠ ಹೇಳಲಿಕ್ಕೆ ನನಗೆ ಬರುವುದಿಲ್ಲ ಮಾಷ್ಟ್ರೇ, ನಡೆಯಲಿಕ್ಕೆ ಬರುತ್ತದೆ" ಎಂದಿದ್ದಾರೆ. ಜನವರಿಯ ಎರಡನೆಯ ಆದಿತ್ಯವಾರ, ಬೆಳಿಗ್ಗೆ ಆರೂವರೆಗೆ. ಗಟ್ಟಿಯಾದ ಚಪ್ಪಲಿ, ನೀರು, ಒಂದು ವಹಿ ಮತ್ತು ಪೆನ್ಸಿಲು ತರತಕ್ಕದ್ದು. ಅಜ್ಜ ಅಜ್ಜಿಯರಲ್ಲಿ ಯಾರಾದರೂ ಫೋರ್ಟಿನಲ್ಲಿ ದುಡಿದಿದ್ದರೆ, ಯಾವ ಬೀದಿಯಲ್ಲಿ ಎಂಬುದನ್ನು ಮನೆಯಲ್ಲಿ ಕೇಳಿ ಬರೆದುಕೊಂಡು ಬರಬೇಕು. ಆ ಬೀದಿಯಲ್ಲಿಯೂ ಹೋಗೋಣ. ಎಲ್ಲರೂ ಟರ್ಮಿನಸ್ಸಿನ ದ್ವಾರದ ಬಳಿ ಸೇರತಕ್ಕದ್ದು, ಹುಲಿಯ ಕೆಳಗೆ. ಸಿಂಹದ ಕೆಳಗೆ ನಿಂತವರನ್ನು ತಡವಾಗಿ ಬಂದವರೆಂದು ಬರೆದುಕೊಳ್ಳಲಾಗುವುದು.